ಪುಟ್ಟ ರಂಗದ ಮೇಲೆ ಸಂಜೆಯ ಆಕಾಶ

ಮಕ್ಕಳೇ, ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಹೆಸರು ಕೇಳಿದ್ದೀರಲ್ಲವೇ? ಅಲ್ಲಿ ಬೆಳಕು ಹರಿಯುವ ಮೊದಲೇ ದೀಪಗಳ ಕೆಳಗೆ ಹೂವಿನ ವ್ಯಾಪಾರ ಶುರುವಾಗುತ್ತದೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೆಂಗಳೂರಿನ ಬೀದಿಗಳಿಗೆ ಸೀಮೆಎಣ್ಣೆ ದೀಪಗಳೇ ಗತಿಯಾಗಿದ್ದವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಯಿತು. ಅದು ಮೊದಲು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್ 5ರಂದು ಈ ಮಾರುಕಟ್ಟೆಯ ಪ್ರದೇಶದಲ್ಲಿ ವಿದ್ಯುತ್ ಬೀದಿದೀಪಗಳು ಬೆಳಗಿದವು. ಮಾರುಕಟ್ಟೆಯ ಈಗಿನ ಕಟ್ಟಡ ಆಗ ಇನ್ನೂ ಇರಲಿಲ್ಲ.

ಆ ಸಂಜೆಯನ್ನೇ ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕವಾಗಿ ಆಡುತ್ತೀರಿ ಎಂದುಕೊಳ್ಳೋಣ. ನಿಮ್ಮ ರಂಗ 12 ಅಡಿ ಅಗಲ, 8 ಅಡಿ ಆಳ. ಹಿಂದೆ ಒಂದು ಬಿಳಿ ಪರದೆ. ಅದೇ ನಿಮ್ಮ ಆಕಾಶ. ಮುಂದೆ ಒಂದು ದೊಡ್ಡ ದೀಪ ಇಟ್ಟು ತಾಲೀಮು ನಡೆಸುತ್ತೀರಿ. ಹೂವಿನ ಬುಟ್ಟಿ ಹೊತ್ತ ಹುಡುಗಿ ಬರುತ್ತಾಳೆ. ಅಯ್ಯೋ! ಅವಳ ಹಿಂದೆ ಆಕಾಶದಲ್ಲಿ ರಾಕ್ಷಸನಂಥ ಒಂದು ನೆರಳು! ನೋಡುವವರೆಲ್ಲ ನಗುತ್ತಾರೆ. ಆಕಾಶವೂ ಹೋಯಿತು, ಸಂಜೆಯೂ ಹೋಯಿತು.

ತಪ್ಪು ಹುಡುಗಿಯದಲ್ಲ, ದೀಪ ಇಟ್ಟ ಜಾಗದ್ದು. ಮುಖಕ್ಕೆ ಬೇಕಾದ ಬೆಳಕು ಬೇರೆ, ಪರದೆಗೆ ಬೇಕಾದ ಬೆಳಕು ಬೇರೆ. ಎರಡನ್ನೂ ಒಂದೇ ದೀಪದಿಂದ ಪಡೆಯಲು ಹೋದದ್ದೇ ತೊಂದರೆ.

ನೆರಳನ್ನು ನೆಲಕ್ಕೆ ಇಳಿಸಿ

ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ. ದೀಪ ನಟರ ತಲೆಯ ಮಟ್ಟದಲ್ಲಿದ್ದರೆ ನೆರಳು ನೇರವಾಗಿ ಹಿಂದಿನ ಪರದೆಯ ಮೇಲೆ ಬೀಳುತ್ತದೆ. ದೀಪವನ್ನು ಎತ್ತರಕ್ಕೆ ಏರಿಸಿದರೆ ನೆರಳು ಕೆಳಗೆ ಜಾರುತ್ತದೆ. ಬೆಳಕು 45 ಡಿಗ್ರಿ ಓರೆಯಾಗಿ ಮೇಲಿನಿಂದ ಬಿದ್ದರೆ, ನೆರಳಿನ ಉದ್ದ ವ್ಯಕ್ತಿಯ ಎತ್ತರದಷ್ಟೇ ಇರುತ್ತದೆ. ಅಂದರೆ ನಾಲ್ಕೂವರೆ ಅಡಿ ಎತ್ತರದ ಹುಡುಗಿ ಪರದೆಯಿಂದ ನಾಲ್ಕೂವರೆ ಅಡಿ ಮುಂದೆ ನಿಂತರೆ ಸಾಕು. ಅವಳ ನೆರಳು ನೆಲದ ಮೇಲೆಯೇ ಮುಗಿಯುತ್ತದೆ. ಆ ದೂರದಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯ ಹಿಂದೆ ಯಾರೂ ಹೋಗಬಾರದು. ಮುಂದೆ ಮೂರೂವರೆ ಅಡಿ ಜಾಗ ಉಳಿಯುತ್ತದೆ. ಪುಟ್ಟ ನಾಟಕಕ್ಕೆ ಅಷ್ಟು ಸಾಕು.

ಪರದೆಗೆ ಸಮನಾದ ಬೆಳಕು

ಗೆರೆಯ ಹಿಂದಿನ ಜಾಗದಲ್ಲಿ ಪರದೆಯ ದೀಪಗಳನ್ನು ನೆಲದ ಮೇಲೆ ಇಡೋಣ. ಬಲ್ಬುಗಳು ಜನರಿಗೆ ಕಾಣದಂತೆ ಮುಂದೆ ಒಂದಡಿ ಎತ್ತರದ ರಟ್ಟು ನಿಲ್ಲಿಸಿ. ಅದನ್ನು ಅಂಗಡಿಸಾಲಿನ ಆಕಾರದಲ್ಲಿ ಕತ್ತರಿಸಿದರೆ ಇನ್ನೂ ಚೆನ್ನ.

ಪರದೆಯಿಂದ ಎಷ್ಟು ದೂರ ಇಡಬೇಕು? ಇಲ್ಲೊಂದು ನಿಯಮವಿದೆ. ಬಲ್ಬಿನಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ದೂರ ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಬಲ್ಬನ್ನು ಪರದೆಗೆ ಒಂದೇ ಅಡಿ ಹತ್ತಿರ ಇಟ್ಟರೆ, ಅದರ ಎದುರಿನ ಜಾಗ ಕಣ್ಣು ಕುಕ್ಕುತ್ತದೆ. ಅಲ್ಲಿಂದ ಮೂರಡಿ ಪಕ್ಕದಲ್ಲಿ ಒಂಬತ್ತರಲ್ಲಿ ಒಂದು ಭಾಗದಷ್ಟೂ ಬೆಳಕು ಇರುವುದಿಲ್ಲ. ಅದೇ ಬಲ್ಬನ್ನು ಮೂರಡಿ ದೂರ ಇಟ್ಟರೆ, ಮೂರಡಿ ಪಕ್ಕದಲ್ಲೂ ಎದುರಿನ ಬೆಳಕಿನ ಸುಮಾರು ಮೂರನೇ ಒಂದು ಭಾಗ ಸಿಗುತ್ತದೆ.

ಪರದೆಯಿಂದ ಎಷ್ಟು ದೂರವೋ, ಬಲ್ಬುಗಳ ನಡುವೆಯೂ ಅಷ್ಟೇ ಅಂತರ ಇಡಿ. 12 ಅಡಿ ಅಗಲಕ್ಕೆ ಮೂರಡಿಗೆ ಒಂದರಂತೆ ನಾಲ್ಕು ಬಲ್ಬುಗಳು ಸಾಕು. ಒಂದರ ಬೆಳಕು ಕಡಿಮೆಯಾಗುವ ಕಡೆ ಪಕ್ಕದ್ದರ ಬೆಳಕು ಸೇರಿಕೊಳ್ಳುತ್ತದೆ.

ಪರದೆಯ ಕೆಳಭಾಗ ಹೆಚ್ಚು ಬೆಳಗಿ, ಮೇಲೆ ಹೋದಂತೆ ಮಂಕಾಗುತ್ತದೆ. ಚಿಂತೆ ಬೇಡ. ಸೂರ್ಯ ಮುಳುಗಿದ ಮೇಲೆ ನಿಜವಾದ ಆಕಾಶವೂ ಹಾಗೆಯೇ ಅಲ್ಲವೇ?

ಬಟ್ಟೆ ಮತ್ತು ಬಣ್ಣ

ಹೊಳೆಯುವ ಪ್ಲಾಸ್ಟಿಕ್ ಬೇಡ. ಅದರಲ್ಲಿ ಬಲ್ಬಿನ ಬಿಂಬವೇ ಕಾಣುತ್ತದೆ. ಹಳೆಯ ಹತ್ತಿಯ ಪಂಚೆ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಕೆಳಗಿನಿಂದ ಓರೆಯಾಗಿ ಬೀಳುವ ಬೆಳಕು ಪ್ರತಿ ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದ ಬಟ್ಟೆಯನ್ನು ಇಸ್ತ್ರಿ ಮಾಡಿ, ಕೆಳಅಂಚಿಗೆ ಬಿದಿರು ಕೋಲು ಕಟ್ಟಿ ಬಿಗಿಯಾಗಿ ಇಳಿಬಿಡಿ.

ಬಣ್ಣದ ಪಾರದರ್ಶಕ ಕಾಗದ ಬೆಳಕಿಗೆ ಬಣ್ಣ ಸೇರಿಸುವುದಿಲ್ಲ. ಬೇರೆ ಬಣ್ಣಗಳನ್ನು ತಡೆದು ತನ್ನ ಬಣ್ಣವನ್ನು ಮಾತ್ರ ಬಿಡುತ್ತದೆ. ಹಳದಿ ಛಾಯೆಯ ಬಲ್ಬಿನಲ್ಲಿ ನೀಲಿ ಕಡಿಮೆ. ಅದರ ಮುಂದೆ ನೀಲಿ ಕಾಗದ ಹಿಡಿದರೆ ಪರದೆ ಕಪ್ಪಾದಂತೆ ಕಾಣುತ್ತದೆ. ಹಾಗಾಗಿ ಸಂಜೆಯ ಕಿತ್ತಳೆಗೆ ಹಳದಿ ಛಾಯೆಯ ಬಲ್ಬು, ರಾತ್ರಿಯ ನೀಲಿಗೆ ಅಚ್ಚ ಬಿಳಿ ಬಲ್ಬು ಆರಿಸಿ. ಒಂದೊಂದು ಸಾಲಿಗೂ ಬೇರೆ ಸ್ವಿಚ್ ಇರಲಿ.

ಈಗ ನಾಟಕದ ಮುಖ್ಯ ಕ್ಷಣ. ಬಿದಿರು ಕಂಬದ ಮೇಲೆ ಪುಟ್ಟ ಬಲ್ಬೊಂದು ಬೀದಿದೀಪವಾಗಿ ನಿಂತಿದೆ. ಮೊದಲು ಕಿತ್ತಳೆ ಆರಿಸಿ, ನೀಲಿ ಮಾತ್ರ ಉಳಿಸಿ. ಮುಂದಿನ ದೀಪವನ್ನೂ ಆರಿಸಿ. ಹತ್ತು ಎಣಿಸಿ. ಕತ್ತಲಿನಲ್ಲಿ ನೋಡುಗರ ಕಣ್ಣಿನ ಪಾಪೆ ಹಿಗ್ಗುತ್ತದೆ. ಆಗ ಬೀದಿದೀಪ ಹೊತ್ತಿಸಿ. ಅಷ್ಟು ಸಣ್ಣ ಬಲ್ಬು ಎಷ್ಟು ಪ್ರಕಾಶಮಾನವಾಗಿ ಕಾಣುತ್ತದೆ ನೋಡಿ! ಸೀಮೆಎಣ್ಣೆ ದೀಪಕ್ಕೆ ಹೊಂದಿಕೊಂಡಿದ್ದ 1905ರ ಜನರ ಕಣ್ಣಿಗೆ ಹೊಸ ಬೆಳಕು ಹೇಗೆ ಕಂಡಿರಬಹುದು ಎಂದು ಆಗ ನಿಮಗೂ ಸ್ವಲ್ಪ ತಿಳಿಯುತ್ತದೆ.

ಎಚ್ಚರಿಕೆ: ವೈರು, ಪ್ಲಗ್ ಕೆಲಸವನ್ನು ದೊಡ್ಡವರೇ ಮಾಡಬೇಕು. ಎಲ್‌ಇಡಿ ಬಲ್ಬುಗಳನ್ನೇ ಬಳಸಿ. ಹಳೆಯ ತಂತುವಿನ ಬಲ್ಬು ತುಂಬಾ ಬಿಸಿಯಾಗುತ್ತದೆ. ಕಾಗದವಾಗಲಿ ಬಟ್ಟೆಯಾಗಲಿ ಯಾವ ಬಲ್ಬಿಗೂ ತಾಗಬಾರದು. ರಂಗದ ಮೇಲೆ ಮೇಣದಬತ್ತಿ ಬೇಡವೇ ಬೇಡ.

ನೀವೇ ಮಾಡಿ ನೋಡಿ

1. ಒಂದು ರಟ್ಟಿನ ಪೆಟ್ಟಿಗೆಯನ್ನು ರಂಗವಾಗಿಸಿ. ಟಾರ್ಚ್ ಮತ್ತು ಪೆನ್ಸಿಲ್ ಬಳಸಿ ನೆರಳು ಪರದೆಯಿಂದ ನೆಲಕ್ಕೆ ಇಳಿಯುವ ಜಾಗ ಗುರುತಿಸಿ.
2. ಕೆಂಪು ಕಾಗದದ ಮೂಲಕ ಬರುವ ಬೆಳಕಿನಲ್ಲಿ ಹಸಿರು ಎಲೆಯನ್ನು ನೋಡಿ. ಅದು ಯಾವ ಬಣ್ಣದ್ದಾಗಿ ಕಾಣುತ್ತದೆ? ಏಕೆ?
3. ನಿಮ್ಮ ಶಾಲೆಯ ರಂಗದ ಅಗಲ ಅಳೆಯಿರಿ. ಬಲ್ಬುಗಳನ್ನು ಪರದೆಯಿಂದ ಎರಡು ಅಡಿ ದೂರ ಇಟ್ಟರೆ ಒಟ್ಟು ಎಷ್ಟು ಬೇಕು?