ಕನ್ನಿಸ್ವಾಮಿಗಳಿಗೆ ಪಾಠ – 9: ಮಾಲೆ ತೆಗೆದ ಮೇಲೆ ನಾವು ಯಾರು?

ಸ್ವಾಮಿಯೇ ಶರಣಂ ಅಯ್ಯಪ್ಪ.

ಹೋದ ವರ್ಷ ಮೊದಲ ಸಲ ಮಾಲೆ ಹಾಕಿದ್ದ ಪುಣೆಯ ಒಬ್ಬ ಯುವ ಸ್ವಾಮಿ ಕಳೆದ ವಾರ ನನಗೆ ಒಂದು ಪ್ರಶ್ನೆ ಕಳಿಸಿದರು. ಗುಂಪಿನಲ್ಲಿ ಕೇಳಲು ಸಂಕೋಚ ಅಂತ ನನಗೊಬ್ಬನಿಗೇ ಬರೆದಿದ್ದರು.

"ಗುರುಸ್ವಾಮಿ, ವ್ರತದ 41 ದಿನ ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿದೆ. ಯಾರ ಮೇಲೂ ರೇಗಲಿಲ್ಲ. ಸಿಗರೇಟು ಮುಟ್ಟಲಿಲ್ಲ. ಮಾಲೆ ತೆಗೆದು ಹತ್ತು ದಿನಕ್ಕೆ ಎಲ್ಲ ಮೊದಲಿನ ಹಾಗೇ ಆಯಿತು. ಹಾಗಾದರೆ ಆ 41 ದಿನ ನಾನು ಮಾಡಿದ್ದು ನಾಟಕವಾ?"

ಈ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಬಂದಿರುತ್ತದೆ. ನನಗೂ ಬಂದಿತ್ತು. ನಾಟಕ ಅಲ್ಲ ಸ್ವಾಮಿ. ಯಾಕೆ ಅಲ್ಲ ಅನ್ನುವುದಕ್ಕೆ ಈ ಸಲ ಪುರಾಣದ ಕಥೆ ಹೇಳುವುದಿಲ್ಲ, ಮನಶ್ಶಾಸ್ತ್ರದವರು ಮಾಡಿ ನೋಡಿದ ಕೆಲವು ಪರೀಕ್ಷೆಗಳನ್ನು ಹೇಳುತ್ತೇನೆ. ನಿಧಾನವಾಗಿ ಓದಿ.

1. ಕಣ್ಣಿಗೆ ಕಂಡದ್ದನ್ನೂ ಬಾಯಿ ಹೇಳುವುದಿಲ್ಲ

1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸುಲಭದ ಪರೀಕ್ಷೆ ಮಾಡಿದರು. ಒಂದು ಕಾರ್ಡಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರೇ ಕೂರಿಸಿದವರು. ಅವರೆಲ್ಲ ಒಬ್ಬರ ಹಿಂದೆ ಒಬ್ಬರು ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಏನೂ ತಿಳಿಯದ ಆ ಒಬ್ಬನ ಸರದಿ ಕೊನೆಗೆ ಬರುತ್ತದೆ.

ಹೀಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಹೊಡೆಯುವವರಿಲ್ಲ, ಬೈಯುವವರಿಲ್ಲ. ಎಲ್ಲರೂ ಒಂದು ಹೇಳುವಾಗ ನಾನೊಬ್ಬನೇ ಬೇರೆ ಹೇಳುವುದು ಹೇಗೆ ಎಂಬ ಮುಜುಗರ ಅಷ್ಟೇ ಸಾಕಾಯಿತು.

ಇದರಲ್ಲಿ ಇನ್ನೆರಡು ಮಾತು ನೆನಪಿಡಿ. ಸುಮಾರು ಕಾಲು ಪಾಲು ಜನ ಒಮ್ಮೆಯೂ ಬಗ್ಗಲಿಲ್ಲ. ಮತ್ತೆ, ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಉಳಿದವರ ಒತ್ತಡ ಬಹುಪಾಲು ಇಳಿದುಹೋಗುತ್ತಿತ್ತು. ಧೈರ್ಯಕ್ಕೆ ಬೇಕಾದದ್ದು ಒಬ್ಬ ಜೊತೆಗಾರ.

ಆಫೀಸಿನ ಪಾರ್ಟಿಯಲ್ಲಿ "ಒಂದೇ ಪೆಗ್" ಅಂತ ಎಲ್ಲರೂ ಒತ್ತಾಯ ಮಾಡುವಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಕೊರಳಲ್ಲಿ ಮಾಲೆ ಇದ್ದಾಗ ಯಾರೂ ಒತ್ತಾಯ ಮಾಡುವುದಿಲ್ಲ, "ಸ್ವಾಮಿಗೆ ಜ್ಯೂಸ್ ಕೊಡಿ" ಅನ್ನುತ್ತಾರೆ. ಮಾಲೆ ನಿಮ್ಮನ್ನಷ್ಟೇ ಅಲ್ಲ, ನಿಮ್ಮ ಸುತ್ತಲಿನವರನ್ನೂ ಬದಲಾಯಿಸಿರುತ್ತದೆ.

2. ಅವಸರ

ಇದು ನನ್ನದೇ ತಪ್ಪಿನ ಕಥೆ. ಬಹಳ ವರ್ಷದ ಹಿಂದೆ, ಮಂಡಲ ಕಾಲ. ಡೊಂಬಿವಲಿಯಲ್ಲಿ ಪಡಿಪೂಜೆ ಇತ್ತು, ಭಜನೆಗೆ ನಾನೇ ಮುಂದಾಳು. ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ, ಕೈಯಲ್ಲಿ ತಾಳದ ಚೀಲ. ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಒಬ್ಬ ಅಜ್ಜ ಗೋಡೆಗೆ ಒರಗಿ ಕುಸಿದು ಕೂತಿದ್ದರು. ಮುಖ ಬೆವರಿತ್ತು. ನಾನು ನೋಡಿದೆ. ನೋಡಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಫಾಸ್ಟ್ ಲೋಕಲ್ ಬರುವ ಹೊತ್ತು. ಯಾರಾದರೂ ನೋಡಿಕೊಳ್ಳುತ್ತಾರೆ ಅಂದುಕೊಂಡು ಇಳಿದುಬಿಟ್ಟೆ. ಕೆಳಗಿನಿಂದ ತಿರುಗಿ ನೋಡಿದಾಗ ಹೂವಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು ಅಜ್ಜನಿಗೆ ನೀರು ಕುಡಿಸುತ್ತಿದ್ದಳು. ಹೋಗುತ್ತಿದ್ದ ಒಬ್ಬ ಹುಡುಗನತ್ತ ಕೈ ತೋರಿಸಿ ಕೂಗಿದಳು, ಅವನು ಓಡಿದ.

ಆ ರಾತ್ರಿ ನಾನು ಶರಣು ಕೂಗಿದೆ, ಆದರೆ ಗಂಟಲು ಬಿಗಿದಿತ್ತು. ನನ್ನ ಭಕ್ತಿಯೇ ಸುಳ್ಳು ಅಂದುಕೊಂಡೆ.

ಎಷ್ಟೋ ವರ್ಷದ ಮೇಲೆ ಒಂದು ಅಧ್ಯಯನ ಓದಿದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡ್ಯಾನಿಯಲ್ ಬ್ಯಾಟ್ಸನ್ ಪ್ರಕಟಿಸಿದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ಅವರಲ್ಲಿ ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆಯೇ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಅವನನ್ನು ಕೂರಿಸಿದ್ದು ಅಧ್ಯಯನದವರೇ.

ಹೊತ್ತು ಇದೆ ಅಂದುಕೊಂಡವರಲ್ಲಿ 63% ಜನ ನೆರವಾದರು. ಸಮಯಕ್ಕೆ ಸರಿಯಾಗಿ ಹೊರಟವರಲ್ಲಿ 45%. "ಆಗಲೇ ತಡವಾಗಿದೆ, ಓಡಿ" ಅಂತ ಹೇಳಿಸಿಕೊಂಡವರಲ್ಲಿ ಬರೀ 10%. ತಲೆಯಲ್ಲಿ ಯಾವ ಭಾಷಣ ಇತ್ತು ಎಂಬುದಕ್ಕಿಂತ ಎಷ್ಟು ಅವಸರ ಇತ್ತು ಎಂಬುದೇ ಹೆಚ್ಚು ವ್ಯತ್ಯಾಸ ಮಾಡಿತು.

ಇದನ್ನು ಓದಿ ನನ್ನ ತಪ್ಪು ಮಾಫಿ ಆಗಲಿಲ್ಲ. ಆದರೆ ತಪ್ಪು ಎಲ್ಲಿ ಶುರುವಾಯಿತು ಅಂತ ತಿಳಿಯಿತು. ಅದು ಸೇತುವೆ ಮೇಲೆ ಶುರುವಾದದ್ದಲ್ಲ, ಮನೆಯಿಂದ ಅರ್ಧ ಗಂಟೆ ತಡವಾಗಿ ಹೊರಟಾಗಲೇ ಶುರುವಾಗಿತ್ತು. ಅಂದಿನಿಂದ ಪೂಜೆಗೆ ಹೋಗುವಾಗ ಒಂದು ಗಾಡಿ ಮುಂಚೆಯೇ ಹಿಡಿಯುತ್ತೇನೆ.

3. ಎಲ್ಲರೂ ಸುಮ್ಮನಿದ್ದಾರೆ, ಹಾಗಾದರೆ ಏನೂ ಆಗಿಲ್ಲ

ಇದೇ ಡಾರ್ಲಿ, ಬಿಬ್ ಲಟಾನೆ ಜೊತೆ 1968ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿದ್ದರು. ಕೋಣೆಯಲ್ಲಿ ಕೂತು ಫಾರಂ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬರುತ್ತದೆ. ಒಬ್ಬನೇ ಇದ್ದಾಗ 75% ಜನ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಏನೂ ಆಗದ ಹಾಗೆ ಬರೆಯುತ್ತಾ ಕೂತಿದ್ದಾಗ ತಿಳಿಸಿದವರು 10% ಮಾತ್ರ. ಉಳಿದವರು ಕಣ್ಣುಜ್ಜಿಕೊಳ್ಳುತ್ತಾ, ಕೆಮ್ಮುತ್ತಾ ಫಾರಂ ತುಂಬುತ್ತಲೇ ಇದ್ದರು. ಕಾರಣ ಕಲ್ಲು ಹೃದಯ ಅಲ್ಲ. ಏನಾಗಿದೆ ಅಂತ ತಿಳಿಯದಾಗ ನಾವು ಪಕ್ಕದವರ ಮುಖ ನೋಡುತ್ತೇವೆ, ಅವರು ನಮ್ಮ ಮುಖ ನೋಡುತ್ತಿರುತ್ತಾರೆ.

ಹಾಗಂತ ಗುಂಪು ಯಾವಾಗಲೂ ಕೆಟ್ಟದ್ದಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ನೋಡಿದಾಗ, ಹತ್ತರಲ್ಲಿ ಒಂಬತ್ತರಲ್ಲಿ ಒಬ್ಬರಾದರೂ ಮಧ್ಯೆ ಬಂದು ನೆರವಾಗಿದ್ದರು. ಜಗಳ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಸುಮ್ಮನೆ ಕುಸಿದು ಕೂತವನ ಸಂಕಟ ಕಾಣುವುದಿಲ್ಲ. ಅದನ್ನು ಸ್ಪಷ್ಟ ಮಾಡುವವರು ಒಬ್ಬರು ಬೇಕು.

ನೀಲಿಮಲೆ, ಅಪ್ಪಾಚಿಮೇಡಿನ ಏರಿನಲ್ಲಿ ಇದು ಜೀವದ ಪ್ರಶ್ನೆ ಸ್ವಾಮಿಗಳೇ. ಯಾರಾದರೂ ಎದೆ ಹಿಡಿದು ಕೂತರೆ ಸಾವಿರ ಜನ ಪಕ್ಕದಲ್ಲೇ ಶರಣು ಕೂಗುತ್ತಾ ಹೋಗುತ್ತಿರುತ್ತಾರೆ. ಸುಧಾರಿಸಿಕೊಳ್ಳುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಂತು ಕೇಳಿ. "ಯಾರಾದರೂ ಬನ್ನಿ" ಅಂತ ಕೂಗಬೇಡಿ, ಯಾರೂ ಬರುವುದಿಲ್ಲ. ಆ ಹೂವಿನ ಹೆಂಗಸು ಮಾಡಿದ ಹಾಗೆ ಒಬ್ಬರತ್ತ ಕೈ ತೋರಿಸಿ: "ಕೆಂಪು ಟವೆಲ್ ಸ್ವಾಮಿ, ನೀವು ಡಾಕ್ಟರನ್ನು ಕರೆಯಿರಿ." ಆ ದಾರಿಯಲ್ಲಿ ತುರ್ತು ಚಿಕಿತ್ಸಾ ಕೇಂದ್ರಗಳು ಇರುತ್ತವೆ. ಹತ್ತುವಾಗಲೇ ಎಲ್ಲೆಲ್ಲಿ ಇವೆ ಅಂತ ನೋಡಿಕೊಂಡಿರಿ.

4. ಅದೇ ಚಳಿ, ಅದೇ ಗದ್ದಲ

ಯೋಚನೆ, ನಡವಳಿಕೆ ಆಯಿತು. ನಮಗೆ ಏನು ಅನ್ನಿಸುತ್ತದೆ ಎಂಬುದೂ ಹೀಗೇ ಬದಲಾಗುತ್ತದೆ. ಪ್ರಯಾಗದ ಮಾಘ ಮೇಳದಲ್ಲಿ ಕಲ್ಪವಾಸಿಗಳು ಒಂದು ತಿಂಗಳು ಗಂಗೆಯ ದಡದ ಡೇರೆಗಳಲ್ಲಿ ಇರುತ್ತಾರೆ. ಕೊರೆಯುವ ಚಳಿಯಲ್ಲಿ ನದಿ ಸ್ನಾನ, ಹಗಲು ರಾತ್ರಿ ಧ್ವನಿವರ್ಧಕ. ಭಾರತ ಮತ್ತು ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಸೇರಿ 416 ಕಲ್ಪವಾಸಿಗಳನ್ನು ಮೇಳಕ್ಕೆ ಮೊದಲು ಮತ್ತು ನಂತರ ಮಾತಾಡಿಸಿದರು. ಹೋಗದೆ ಊರಲ್ಲೇ ಉಳಿದ 127 ಜನರ ಜೊತೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಊರಲ್ಲೇ ಉಳಿದವರಿಗೆ ಹೋಲಿಸಿದರೆ ಮೇಳಕ್ಕೆ ಹೋಗಿಬಂದವರ ಕ್ಷೇಮ ಹೆಚ್ಚಿತ್ತು.

ಅದೇ ತಂಡದವರು ಕಲ್ಪವಾಸಿಗಳಿಗೆ ಜೋರಾದ ಒಂದೇ ಸದ್ದನ್ನು ಕೇಳಿಸಿದರು. ಕೆಲವರಿಗೆ ಇದು ಮೇಳದ ಸದ್ದು ಅಂದರು, ಕೆಲವರಿಗೆ ಪೇಟೆ ಬೀದಿಯ ಸದ್ದು ಅಂದರು. ಮೇಳದ್ದು ಅಂದುಕೊಂಡವರು ಹೆಚ್ಚು ಹೊತ್ತು ಕೇಳಿದರು. ಸದ್ದು ಒಂದೇ, "ಇದು ನಮ್ಮದು" ಎಂಬ ಭಾವ ಬೇರೆ.

ಲೋಕಲ್‌ನಲ್ಲಿ ಯಾರಾದರೂ ಕಾಲು ತುಳಿದರೆ ಉರಿದುಬೀಳುವ ನಾವು ಪಂಪೆಯಲ್ಲಿ ತುಳಿದವರಿಗೆ "ಸ್ವಾಮಿ ಶರಣಂ" ಅನ್ನುತ್ತೇವಲ್ಲ, ಯಾಕೆ? ಅಲ್ಲಿ ತುಳಿದವನೂ ನಮ್ಮವನೇ.

5. ಹಾಗಾದರೆ ಮಾಲೆ ತೆಗೆದ ಮೇಲೆ?

ಪುಣೆಯ ಸ್ವಾಮಿಗೆ ಉತ್ತರ ಈಗ. 1965ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಎಷ್ಟು ಭಯಂಕರ ಅಂತ ಓದಲು ಕೊಟ್ಟರು. ಎಲ್ಲರೂ ಒಪ್ಪಿದರು, ಹೆದರಿದರು. ಹೋಗಿ ಚುಚ್ಚುಮದ್ದು ಹಾಕಿಸಿಕೊಂಡವರು 3% ಮಾತ್ರ. ಇನ್ನು ಕೆಲವರಿಗೆ ಅದೇ ಓದಿನ ಜೊತೆ ಚಿಕಿತ್ಸಾಲಯಕ್ಕೆ ಗುರುತು ಹಾಕಿದ ನಕ್ಷೆ ಕೊಟ್ಟು, ನಿಮಗೆ ಯಾವ ಹೊತ್ತು ಬಿಡುವು ಅಂತ ನೋಡಿಕೊಳ್ಳಲು ಹೇಳಿದರು. ಅವರಲ್ಲಿ 28% ಜನ ಹೋದರು. ಒಳ್ಳೆಯ ಮನಸ್ಸು ಎರಡೂ ಕಡೆ ಇತ್ತು. ಒಂದು ಕಡೆ ಮಾತ್ರ ದಾರಿ ಇತ್ತು.

ವ್ರತ ಅಂಥ ದಾರಿ. ಏಳುವ ಹೊತ್ತು, ಉಡುವ ಬಟ್ಟೆ, ಸಂಜೆ ಸೇರುವ ಜಾಗ, ಜೊತೆಗಾರರು, "ಸ್ವಾಮಿ" ಎಂದು ಕರೆಯುವ ನಾಲ್ಕು ಜನ. ಮಾಲೆ ತೆಗೆದ ದಿನ ನಿಮ್ಮ ಮನಸ್ಸು ಸುಳ್ಳಾಗಲಿಲ್ಲ, ಆ ದಾರಿಯನ್ನೇ ಒಂದೇ ದಿನ ಪೂರ್ತಿ ಕಿತ್ತುಬಿಟ್ಟಿರಿ. ಆ 41 ದಿನ ಇದ್ದದ್ದೂ ನೀವೇ. ಸರಿಯಾದ ಪರಿಸರ ಸಿಕ್ಕರೆ ನೀವು ಹಾಗೆ ಬದುಕಬಲ್ಲಿರಿ ಅಂತ ನಿಮ್ಮ ಕಣ್ಣಿಗೇ ಕಂಡಿದೆ.

ಇದನ್ನು ನೆಪ ಮಾಡಿಕೊಳ್ಳಬೇಡಿ. "ಪರಿಸ್ಥಿತಿ ಹಾಗಿತ್ತು" ಅಂತ ಕೈ ತೊಳೆದುಕೊಳ್ಳುವುದಕ್ಕೆ ಈ ಪಾಠ ಅಲ್ಲ. ಗೆರೆಗಳ ಪರೀಕ್ಷೆಯಲ್ಲಿ ಒಮ್ಮೆಯೂ ಬಗ್ಗದವರೂ ಇದ್ದರು. ಪರಿಸ್ಥಿತಿ ನಮ್ಮನ್ನು ತಿದ್ದುತ್ತದೆ ಅಂತ ಗೊತ್ತಾದ ಮೇಲೆ, ಯಾವ ಪರಿಸ್ಥಿತಿಗೆ ಕಾಲಿಡಬೇಕು ಎಂಬುದು ನಮ್ಮ ಹೊಣೆ.

ಈ ವಾರದ ಅಭ್ಯಾಸ

– ಮಾಲೆ ತೆಗೆದ ಮೇಲೂ ಉಳಿಸಿಕೊಳ್ಳುವ ಒಂದೇ ಒಂದು ನಿಯಮ ಆರಿಸಿ. ಯಾವ ಹೊತ್ತು, ಯಾವ ಜಾಗ ಅಂತ ಬರೆದಿಡಿ.
– ಅದಕ್ಕೆ ಒಬ್ಬ ಜೊತೆಗಾರ ಸ್ವಾಮಿಯನ್ನು ಹುಡುಕಿ. ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಿ.
– ನಿಮ್ಮನ್ನು ಹಳೆಯ ಚಾಳಿಗೆ ಎಳೆಯುವ ಜಾಗ ಯಾವುದು, ಹೊತ್ತು ಯಾವುದು? ಅದನ್ನೂ ಬರೆಯಿರಿ.
– ಎಲ್ಲಿಗೆ ಹೊರಟರೂ ಹತ್ತು ನಿಮಿಷ ಮುಂಚೆ ಹೊರಡಿ. ಆ ಹತ್ತು ನಿಮಿಷ ದಾರಿಯಲ್ಲಿ ಯಾರಿಗಾದರೂ ಬೇಕಾಗಬಹುದು.

ಪುಣೆಯ ಸ್ವಾಮಿ ಈ ಸಲ ಮಾಲೆ ಹಾಕುವ ಮೊದಲೇ, ತೆಗೆದ ಮೇಲೆ ಭಾನುವಾರ ಸಂಜೆ ಎಲ್ಲಿ ಸೇರುವುದು ಅಂತ ಗೆಳೆಯರ ಜೊತೆ ಮಾತಾಡಿಕೊಂಡಿದ್ದಾರೆ. ಅವರಿಗೆ ಒಳ್ಳೆಯದಾಗಲಿ.

ಸ್ವಾಮಿ ಶರಣಂ.