ಕಾಲ್ ಡ್ಯೂಟಿ ಕಲಿಸಿದ್ದು

ಮೂವರು ಡಾಕ್ಟರುಗಳು ಮಾಡಬೇಕಾದ ರಾತ್ರಿ ಡ್ಯೂಟಿಯನ್ನು ಇಬ್ಬರೇ ಮಾಡುವ ಆಸ್ಪತ್ರೆ ನಮ್ಮದು. ಹಬ್ಬಕ್ಕೆ ನಮ್ಮೂರು ಸುಗಟೂರಿಗೆ ಹೋದರೆ ಎಲೆ ಮುಂದೆಯೇ ತೂಕಡಿಸುತ್ತಿದ್ದೆ. ಹೊಸದಾಗಿ ಸೇರುವವರಿಗೆ ಉಪಯೋಗವಾದೀತೆಂದು ಇಷ್ಟು ಬರೆದಿದ್ದೇನೆ.

1. ನಿದ್ದೆಗೆಡುವುದು ಶೌರ್ಯವಲ್ಲ.
ರಾತ್ರಿಯೆಲ್ಲ ಎದ್ದಿದ್ದು ಬೆಳಗ್ಗೆ ಓಪಿಡಿಗೂ ಕೂರುತ್ತೇನೆಂಬ ಜಂಬ ನನಗಿತ್ತು. ಹಾಗೆ ಕೂತ ಒಂದು ದಿನ ಮಗುವಿಗೆ ಜ್ವರದ ಔಷಧಿಯನ್ನು ದೊಡ್ಡವರ ಲೆಕ್ಕದಲ್ಲಿ ಬರೆದುಬಿಟ್ಟೆ. ಫಾರ್ಮಸಿಸ್ಟ್ ಚೀಟಿ ವಾಪಸ್ ಕಳಿಸಿದರೆ ಅವರ ಮೇಲೇ ರೇಗಿದೆ. ಎಷ್ಟೋ ದಿನದ ಮೇಲೆ, 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಪ್ರಯೋಗದ ಬಗ್ಗೆ ಓದಿದೆ. 24 ಗಂಟೆ ಎಚ್ಚರವಿದ್ದವರ ಕಣ್ಣು-ಕೈ ಹೊಂದಾಣಿಕೆ ರಕ್ತದಲ್ಲಿ ಶೇ. 0.10ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದಂತೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ. 0.03. ಅದೇ ಸ್ಥಿತಿಯಲ್ಲಿ ನಾನು ಚೀಟಿ ಬರೆದದ್ದಷ್ಟೇ ಅಲ್ಲ, ಹೆದ್ದಾರಿಯಲ್ಲಿ ಬೈಕನ್ನೂ ಓಡಿಸಿಕೊಂಡು ಊರಿಗೆ ಹೋಗುತ್ತಿದ್ದೆ! ಈಗ ನೈಟ್ ಮುಗಿದ ಮೇಲೆ ಬಸ್ಸೇ ಗತಿ.

2. ಎಲ್ಲವನ್ನೂ ನಾನೇ ಮಾಡುತ್ತೇನೆ ಅನ್ನಬೇಡಿ.
ನಮ್ಮದು ಟೊಮೆಟೊ ಸೀಮೆ. ಕೀಟನಾಶಕ ಕುಡಿದವರು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು ಹೊತ್ತು ನೋಡಿ ಬರುವುದಿಲ್ಲ. ವಿಷ ಕುಡಿದವರಿಗೆ ಅಟ್ರೋಪಿನ್ ಶುರುಮಾಡಿದರೆ, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು ಮಾಡುತ್ತ ಪಕ್ಕದಲ್ಲೇ ಇರಬೇಕು. ಹಾವಿನ ಕೇಸಿನಲ್ಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡಬೇಕು. ಎರಡೂ ಒಟ್ಟಿಗೆ ಬಂದ ರಾತ್ರಿ ಕೊಳವೆ ಇಟ್ಟ ಹೊತ್ತೇ ಮರೆತುಹೋಗಿ, ಹಾವು ಕಚ್ಚಿದ್ದ ರೈತನಿಂದ ಮತ್ತೆ ರಕ್ತ ತೆಗೆಯಬೇಕಾಯಿತು. ಅಂದಿನಿಂದ ಕೊಳವೆಯ ಗಡಿಯಾರ ಸಿಸ್ಟರ್ ಪಾಲಿಗೆ. ಅವರು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಮೊದಲೇ ಕೇಳಬಹುದಿತ್ತು.

3. ರೆಫರ್ ಮಾಡಿದರೆ ಸೋತಂತಲ್ಲ.
ವೆಂಟಿಲೇಟರ್ ಬೇಕಾದೀತು ಅನ್ನಿಸಿದೊಡನೆ 108ಕ್ಕೆ ಹೇಳಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ. ಮರ್ಯಾದೆಗೆ ಅಂಜಿ ನಾನು ತಡಮಾಡಿದ್ದುಂಟು.

4. ಗೊಣಗಬೇಡಿ, ಬರೆದು ಕೊಡಿ.
ಟೀ ಕುಡಿಯುತ್ತ ನಾವಾಡಿದ ಗೋಳು ಯಾವ ಫೈಲಿಗೂ ಸೇರಲಿಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಹರಿದೂ ಹಾಕಿದೆ. ಕೊನೆಗೆ ಯಾರು, ಎಷ್ಟು ಗಂಟೆ, ಎಷ್ಟು ರೋಗಿಗಳು ಎಂದು ಪಟ್ಟಿ ಮಾಡಿ ಸಹಿ ಹಾಕಿ ಕೊಟ್ಟ ಮೇಲೆ ನೈಟ್ ಮರುದಿನದ ಓಪಿಡಿ ತಪ್ಪಿತು. ಮೂರನೆಯ ಡಾಕ್ಟರು ಇನ್ನೂ ಬಂದಿಲ್ಲ. ರೆಸಿಡೆಂಟ್ ಡಾಕ್ಟರುಗಳನ್ನು ಸಾಮಾನ್ಯವಾಗಿ ಒಂದೇ ಸಮ 12 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಆದೇಶ ಹೊರಡಿಸಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ ಇರಲಿ ಎಂದಿತು. ಎರಡೂ ಓದುತ್ತಿರುವ ವೈದ್ಯರ ವಿಷಯ. ನಮ್ಮಂಥ ಡ್ಯೂಟಿ ಡಾಕ್ಟರುಗಳು ತಾವೇ ಲೆಕ್ಕ ಇಡಬೇಕು. ಈ ತಿಂಗಳ ರೋಸ್ಟರಿನ ಒಂದು ನಕಲು ಇವತ್ತೇ ಮನೆಗೆ ತೆಗೆದುಕೊಂಡು ಹೋಗಿ.