ಬದಲಿಸಿದಾಗಿನಿಂದಲೋ, ಬದಲಿಸಿದ್ದರಿಂದಲೋ? ಇಂಗ್ಲಿಷಿನ ಆ್ಯಡ್ವರ್ಬ್ ಕ್ಲಾಜ್ ಬಗ್ಗೆ ಒಂದಿಷ್ಟು

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟು ಗೈಡ್ ಕೈಯಿಂದ ವಾಪಸ್ ಬಂದಾಗ 12ನೇ ಪುಟದಲ್ಲಿ ಒಂದು ಕೆಂಪು ಪ್ರಶ್ನಾರ್ಥಕ ಚಿಹ್ನೆ ಇತ್ತು. ಲ್ಯಾಬಿನ ಹಳೇ ಪಂಪೊಂದರ ಕಂಪನ ಅಳೆದು, ಅದನ್ನು ಕಡಿಮೆ ಮಾಡೋದು ನಮ್ಮ ಪ್ರಾಜೆಕ್ಟು. ನಾವು ಬರೆದಿದ್ದ ವಾಕ್ಯ ಇದು: ‘ಸಿನ್ಸ್ ದ ಬೇರಿಂಗ್ ವಾಸ್ ರಿಪ್ಲೇಸ್ಡ್, ದ ವೈಬ್ರೇಶನ್ ಹ್ಯಾಸ್ ಡಿಕ್ರೀಸ್ಡ್.’ ಸ್ಪೆಲಿಂಗ್ ಸರಿ, ವ್ಯಾಕರಣವೂ ಸರಿ. ಮತ್ತೇನು ತಪ್ಪು ಅಂತ ನಮಗೆ ಹೊಳೆಯಲೇ ಇಲ್ಲ.

ವೈವಾದಲ್ಲಿ ಸರ್ ಕೇಳಿದ್ದು ಇಷ್ಟೇ: “ಬೇರಿಂಗ್ ಬದಲಿಸಿದಾಗಿನಿಂದ ಕಂಪನ ಕಡಿಮೆಯಾಗಿದೆ ಅಂತೀರೋ, ಬದಲಿಸಿದ್ದರಿಂದ ಕಡಿಮೆಯಾಗಿದೆ ಅಂತೀರೋ?” ನಮ್ಮಲ್ಲೊಬ್ಬ ‘ಆಗಿನಿಂದ’ ಅಂದ. ಇನ್ನೊಬ್ಬಳು ‘ಅದರಿಂದ’ ಅಂದಳು. ವಾಕ್ಯ ಒಂದೇ, ಬರೆದವರೂ ನಾವೇ! ಅದೇ ದಿನ ಪಂಪಿನ ಬುಡದ ಬೋಲ್ಟುಗಳನ್ನೂ ಬಿಗಿ ಮಾಡಿದ್ದೆವು ಅನ್ನೋದು ಆಗ ನೆನಪಾಯಿತು. ಹಾಗಾದರೆ ಕಂಪನ ಕಡಿಮೆ ಮಾಡಿದ್ದು ಬೇರಿಂಗೋ, ಬೋಲ್ಟೋ?

ಅವತ್ತು ಸಂಜೆ ಕ್ಯಾಂಟೀನಿನಲ್ಲಿ ಕೂತು ಈ ‘ಸಿನ್ಸ್’ ಮತ್ತು ಅದರ ಬಂಧುಬಳಗವನ್ನೆಲ್ಲ ಜಾಲಾಡಿದೆವು. ಪಿಯುಸಿಯಲ್ಲಿ ಇದನ್ನು ಆ್ಯಡ್ವರ್ಬ್ ಕ್ಲಾಜ್, ಕನ್ನಡದಲ್ಲಿ ಕ್ರಿಯಾವಿಶೇಷಣ ಉಪವಾಕ್ಯ ಅಂತ ಓದಿ, ಪರೀಕ್ಷೆ ಬರೆದು ಮರೆತಿದ್ದೆವು. ವಿಷಯ ಸರಳ. ‘ಶಿ ಲೆಫ್ಟ್ ಅರ್ಲಿ’ ಅಂದಾಗ ‘ಅರ್ಲಿ’ ಅನ್ನೋ ಒಂದು ಪದ ಅವಳು ಯಾವಾಗ ಹೋದಳು ಅಂತ ಹೇಳುತ್ತೆ. ‘ಶಿ ಲೆಫ್ಟ್ ವೆನ್ ದ ಬೆಲ್ ರ‍್ಯಾಂಗ್’ ಅಂದಾಗ ಅದೇ ಕೆಲಸವನ್ನು ಒಂದು ಇಡೀ ತುಂಡು ಮಾಡುತ್ತೆ. ಆ ತುಂಡಿಗೆ ತನ್ನದೇ ಕರ್ತೃ ಇದೆ, ತನ್ನದೇ ಕ್ರಿಯಾಪದ ಇದೆ. ಆದರೂ ಒಂಟಿಯಾಗಿ ನಿಲ್ಲಲಾರದು. ಯಾವಾಗ, ಎಲ್ಲಿ, ಯಾಕೆ, ಹೇಗೆ, ಯಾವ ಷರತ್ತಿನ ಮೇಲೆ, ಏನಿದ್ದರೂ, ಇವುಗಳಲ್ಲಿ ಒಂದಕ್ಕೆ ಉತ್ತರ ಕೊಡುತ್ತೆ.

ನಮಗೆ ಕಷ್ಟವಾಗೋದು ಬೇರೆ ಕಡೆ. ಕನ್ನಡದಲ್ಲಿ ಈ ಕೆಲಸ ಕ್ರಿಯಾಪದದ ಬಾಲದಲ್ಲಿ ನಡೆಯುತ್ತೆ: ಬಂದರೆ, ಬಂದಾಗ, ಬಂದರೂ, ಬಂದಿದ್ದರಿಂದ, ಬರುವವರೆಗೆ. ಇಂಗ್ಲಿಷಿನಲ್ಲಿ ಅದೇ ಸಂಬಂಧ ಬಾಗಿಲಲ್ಲೇ ನಿಂತಿರುತ್ತೆ: ಇಫ್, ವೆನ್, ದೋ, ಬಿಕಾಸ್, ಅಂಟಿಲ್. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯೋವಾಗ (ನಾವೆಲ್ಲ ಮಾಡೋದು ಅದನ್ನೇ, ನಾಚಿಕೆ ಏನೂ ಬೇಡ) ಬಾಲವನ್ನು ತಲೆಗೆ ತರಬೇಕು. ಎಡವೋದು ಆ ದಾರಿಯಲ್ಲೇ.

‘ಓದಿದರೂ ಫೇಲಾದೆ’ ಅಂತೀವಿ. ‘ಓದಿದೆ, ಆದರೆ ಫೇಲಾದೆ’ ಅಂತಲೂ ಅಂತೀವಿ. ಎರಡನ್ನೂ ಕಲಸಿದರೆ ‘ದೋ ಐ ಸ್ಟಡೀಡ್, ಬಟ್ ಐ ಫೇಲ್ಡ್’ ಅಂತಾಗುತ್ತೆ. ಎರಡು ವಾಕ್ಯಕ್ಕೆ ಒಂದೇ ಕೊಂಡಿ ಸಾಕು. ದೋ ಇಟ್ಟರೆ ಬಟ್ ತೆಗೆಯಿರಿ. ಇನ್ನೊಂದು, ‘ಟೆಸ್ಟ್ ನಿಲ್ಲಿಸಿದೆವು. ಏಕೆಂದರೆ ಫ್ಯೂಸ್ ಹೋಯಿತು’ ಅನ್ನೋದು ಶುದ್ಧ ಕನ್ನಡ. ಅದನ್ನು ಹಾಗೇ ಇಂಗ್ಲಿಷಿಗೆ ಹೊತ್ತು, ‘ಬಿಕಾಸ್ ದ ಫ್ಯೂಸ್ ಬ್ಲೂ’ ಅಂತ ಬರೆದು ಪೂರ್ಣವಿರಾಮ ಇಟ್ಟರೆ ರಿಪೋರ್ಟಿನಲ್ಲಿ ಅದು ಅರ್ಧ ವಾಕ್ಯ. ಹಿಂದಿನದಕ್ಕೆ ಸೇರಿಸಿಬಿಡಿ.

‘ಅನ್‌ಲೆಸ್’ ಮಾತ್ರ ನಿಜಕ್ಕೂ ಅಪಾಯಕಾರಿ. ಅದರ ಹೊಟ್ಟೆಯೊಳಗೆ ‘ಇಲ್ಲ’ ಈಗಾಗಲೇ ಇದೆ. ‘ಸ್ವಿಚ್ ಒತ್ತದಿದ್ದರೆ ಮೋಟರ್ ಸ್ಟಾರ್ಟ್ ಆಗಲ್ಲ’ ಅನ್ನೋದಕ್ಕೆ ‘ಅನ್‌ಲೆಸ್ ಯೂ ಡೋಂಟ್ ಪ್ರೆಸ್ ದ ಸ್ವಿಚ್’ ಅಂತ ಶುರು ಮಾಡಿದರೆ, ಒತ್ತಿದರೆ ಸ್ಟಾರ್ಟ್ ಆಗಲ್ಲ ಅಂತ ಅರ್ಥ ತಿರುಗಿಬಿಡುತ್ತೆ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇಂಥದ್ದು ಬೇಡ.

ಎಲ್ಲ ಕಡೆಯೂ ಕನ್ನಡ ಅಡ್ಡ ಬರುತ್ತೆ ಅಂದುಕೊಳ್ಳಬೇಡಿ. ‘ಇಫ್ ಇಟ್ ವಿಲ್ ರೇನ್’ ಅಂತ ಎಷ್ಟೋ ಜನ ಬರೀತಾರೆ. ಆದರೆ ನಾವು ‘ನಾಳೆ ಮಳೆ ಬಂದರೆ ಮ್ಯಾಚ್ ಇರಲ್ಲ’ ಅಂತೀವಿ. ಮಾತು ನಾಳೆಯದು, ‘ಬಂದರೆ’ ಅನ್ನೋದರಲ್ಲಿ ಮಾತ್ರ ಭವಿಷ್ಯತ್ ಕಾಲ ಎಲ್ಲೂ ಇಲ್ಲ. ಇಂಗ್ಲಿಷೂ ಇಂಥ ಕಡೆ ಹಾಗೇ. ‘ಇಫ್ ಇಟ್ ರೇನ್ಸ್’, ‘ವೆನ್ ದ ರಿಸಲ್ಟ್ಸ್ ಕಮ್’ ಅಂತ ಬರೆದು, ‘ವಿಲ್’ ಅನ್ನು ಮುಖ್ಯ ವಾಕ್ಯಕ್ಕೆ ಬಿಟ್ಟರಾಯಿತು. ಇಂಥ ತುಂಡು ಮೊದಲು ಬಂದರೆ ಅದರ ಕೊನೆಯಲ್ಲಿ ಕಾಮಾ ಹಾಕಿ. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಕಾಗಲ್ಲ.

ಈಗ ನಮ್ಮ ‘ಸಿನ್ಸ್’ಗೆ ಬರೋಣ. ಅದು ಕಾಲವನ್ನೂ ಹೇಳುತ್ತೆ, ಕಾರಣವನ್ನೂ ಹೇಳುತ್ತೆ. ‘ಆ್ಯಸ್’ ಇನ್ನೂ ಒಂದು ಕೈ ಮೇಲೆ. ‘ಆ್ಯಸ್ ದ ಲೋಡ್ ಇನ್‌ಕ್ರೀಸ್ಡ್, ದ ಸ್ಪೀಡ್ ಡ್ರಾಪ್ಡ್’ ಅಂದರೆ ಲೋಡ್ ಹೆಚ್ಚಾದಾಗಲೋ, ಹೆಚ್ಚಾದಂತೆಲ್ಲಾನೋ, ಹೆಚ್ಚಾದ್ದರಿಂದಲೋ? ಕನ್ನಡದಲ್ಲಿ ಈ ಮೂರಕ್ಕೂ ಬೇರೆಬೇರೆ ಬಾಲ ಇದೆ. ಒಂದನ್ನು ಆರಿಸದೆ ವಾಕ್ಯ ಮುಗಿಯೋದೇ ಇಲ್ಲ. ಇಂಗ್ಲಿಷಿನಲ್ಲಿ ಆರಿಸದೆಯೂ ದಾಟಿಬಿಡಬಹುದು, ನಾವು ದಾಟಿದ ಹಾಗೆ. ಅದಕ್ಕೇ ಈಗ ನಮ್ಮ ಬ್ಯಾಚಿನಲ್ಲಿ ಒಂದು ಅಭ್ಯಾಸ: ಸಿನ್ಸ್, ಆ್ಯಸ್, ವೈಲ್ ಕಂಡಲ್ಲೆಲ್ಲ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಜೋರಾಗಿ ಹೇಳ್ತೀವಿ. ‘ದ್ದರಿಂದ’ ಬಂದರೆ ಬಿಕಾಸ್, ‘ಮೇಲೆ’ ಬಂದರೆ ಆಫ್ಟರ್.

ವಾಕ್ಯ ತಿದ್ದಿದೆವು: ‘ಆಫ್ಟರ್ ದ ಬೇರಿಂಗ್ ವಾಸ್ ರಿಪ್ಲೇಸ್ಡ್ ಆ್ಯಂಡ್ ದ ಬೇಸ್ ಬೋಲ್ಟ್ಸ್ ವರ್ ಟೈಟನ್ಡ್, ದ ವೈಬ್ರೇಶನ್ ಡಿಕ್ರೀಸ್ಡ್.’ ಸರ್ ಒಪ್ಪಿ ಸಹಿ ಹಾಕಿದರು. ‘ಬಿಕಾಸ್’ ಅಂತ ಬರೀಬೇಕಿದ್ದರೆ ಬೋಲ್ಟುಗಳನ್ನು ಬಿಗಿಯಾಗೇ ಇಟ್ಟು, ಹಳೇ ಬೇರಿಂಗ್ ಹಾಕಿ ಇನ್ನೊಮ್ಮೆ ಅಳೆಯಬೇಕಿತ್ತು. ಅಷ್ಟರಲ್ಲಿ ಅದು ಗುಜರಿಗೆ ಹೋಗಿಯಾಗಿತ್ತು.